ಕಣದ ಅಂಚಿನಲ್ಲಿ ಇಸಿದುಕೊಂಡ ಹನ್ನೆರಡು ಕಲ್ಲು

ಚಾಮರಾಜನಗರಕ್ಕೆ ಬಂದು ನಿಂತುಬಿಟ್ಟ ರೈಲನ್ನು ನಮ್ಮ ತಾಳವಾಡಿ ಬೆಟ್ಟದ ಮೇಲೆ ಹಾಯಿಸಿ ಆಚೆ ಸತ್ಯಮಂಗಲಕ್ಕೆ ಇಳಿಸುತ್ತಾರೆ ಎಂಬ ಮಾತನ್ನು ನಾನು ತೊಟ್ಟಿಲಲ್ಲೇ ಕೇಳಿರಬೇಕು. ಆಗದ ಕೆಲಸಕ್ಕೆ ನಮ್ಮೂರಲ್ಲಿ "ರೈಲು ಬಂದಾಗ ಆಯ್ತದೆ ಬುಡು" ಎನ್ನುತ್ತಿದ್ದರು. ಮದುವೆಯಾಗದ ಹುಡುಗಿಯರಿಗೂ ಅದನ್ನೇ ಹೇಳುತ್ತಿದ್ದರು. ಇಪ್ಪತ್ತೆರಡಾದರೂ ಮದುವೆಯಿಲ್ಲದೆ ಊರ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದ ನನಗಂತೂ ದಿನಕ್ಕೊಂದು ಸಲವಾದರೂ ಆ ರೈಲಿನ ಸುದ್ದಿ ಬರುತ್ತಿತ್ತು.

ರೈಲು ಬರಲಿಲ್ಲ. ಬಾರದ ರೈಲಿಗೆ ಹೆದರಿ ಹನ್ನೊಂದು ಮನೆಯ ಜನ ಎದ್ದುಹೋದರು. ಅವರು ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ನಾನು ಮತ್ತೆ ಏನಾದರೊಂದು ನೆಪ ಹುಡುಕಿ ತಪ್ಪಿಸಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಮ್ಮೂರು ಜೀರಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿದೆ. ಊರಲ್ಲಿ ಹೆಚ್ಚಿನವರು ನಮ್ಮಂತೆ ಲಿಂಗ ಕಟ್ಟಿದ ಒಕ್ಕಲಿನವರು. ಹೊಲಗಳು ಮುಗಿದು ಕಾಡು ಶುರುವಾಗುವ ಇಳಿಜಾರಿನಲ್ಲಿ ಸೋಲಿಗರ ಒಂದು ಪೋಡು ಇತ್ತು, ಹನ್ನೊಂದು ಗುಡಿಸಲು. ಅಲ್ಲಿಂದ ನಾಲ್ಕು ಹೆಣ್ಣುಮಕ್ಕಳು ನನ್ನ ಶಾಲೆಗೆ ಬರುತ್ತಿದ್ದರು. ಅವರಲ್ಲಿ ಇಬ್ಬರು ಪೋಡಿನ ಹಿರಿಯಳಾದ ಅಜ್ಜಿಯ ಮೊಮ್ಮಕ್ಕಳು. ಮಳೆ ಜೋರಾದ ದಿನ ಅವರನ್ನು ಮನೆ ಮುಟ್ಟಿಸಲು ನಾನೇ ಹೋಗುತ್ತಿದ್ದೆ. ಯಾವ ಗುಡಿಸಲಿನ ಬಾಗಿಲು ಯಾವ ದಿಕ್ಕಿಗೆ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೂ ನನಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ಬೇಸಿಗೆಯ ಮೊದಲಿಗೆ ಸರ್ವೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ತೆಳ್ಳಗಿದ್ದರು, ದಪ್ಪ ಕನ್ನಡಕ. ನಮ್ಮದು ಕನ್ನಡದ ಊರಾದರೂ ತಮಿಳು ಸೀಮೆಗೆ ಸೇರಿದ್ದು, ಹಾಗಾಗಿ ಅವರ ಮಾತು ತಮಿಳು. ಅಷ್ಟುಹೊತ್ತಿಗೆ ನಾವು ಅಧಿಕಾರಿಗಳನ್ನು ಸಾಕಷ್ಟು ನೋಡಿದ್ದೆವು. ಬರುತ್ತಾರೆ, ಎಳನೀರು ಕುಡಿಯುತ್ತಾರೆ, ಹೋಗುತ್ತಾರೆ. ಇವರು ಹಾಗಲ್ಲ. ಗೆರೆ ಎಳೆಯುವ ಮುಂಚೆ ಗೆರೆ ಹಾಯುವ ನೆಲದಲ್ಲಿ ಬಾಳುವವರನ್ನು ಕೇಳಬೇಕು ಅಂದರು. ಮನೆ ಎಲ್ಲಿದೆ, ಬಾವಿ ಎಲ್ಲಿದೆ, ದೇವರು ಎಲ್ಲಿದೆ, ಸತ್ತವರನ್ನು ಎಲ್ಲಿ ಹೂಳುತ್ತೀರಿ, ಎಲ್ಲ ತೋರಿಸಿ, ಆದಷ್ಟೂ ತಪ್ಪಿಸಿ ಒಯ್ಯುತ್ತೇನೆ ಅಂದರು. ಅಂಥ ಮಾತನ್ನು ನಮ್ಮೂರು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಆ ಮನುಷ್ಯನ ಬಗ್ಗೆ ಇವತ್ತಿಗೂ ನನಗೆ ಗೌರವವಿದೆ.

ಅವರು ನೀಲಿ ಕಾಗದದ ನಕ್ಷೆಯೊಂದನ್ನು ನಮ್ಮ ಜಗಲಿಯ ಮೇಲೆ ಹರಡಿದರು. ಊರ ಹಿರಿಯರೆಲ್ಲ ಬಗ್ಗಿ ನೋಡಿದರು. ಒಬ್ಬರು ತಿರುಗಿಸಿ ನೋಡಿದರು. ನಮ್ಮ ದೊಡ್ಡಪ್ಪ ಬಹಳ ಹೊತ್ತು ನೋಡಿ, "ಎಲ್ಲಾನೂ ಸರಿಯಾಗದೆ ಸಾರ್, ನಮ್ಮೂರೊಂದು ಎಲ್ಲದೆ ಅಂತ ಕಾಣ್ತಾ ಇಲ್ಲ" ಅಂದರು. ಅಧಿಕಾರಿ ನಕ್ಕುಬಿಟ್ಟರು. ಆಗ ನಾನು ಬಾಯಿ ಹಾಕಿದೆ. ಕಾಗದ ಬೇಡ, ನೆಲದ ಮೇಲೇ ಊರು ಇಡೋಣ, ನಮ್ಮ ಕಣ ಸಾರಿಸಿ ಚೊಕ್ಕಟವಾಗಿದೆ, ಮನೆಗೊಂದು ಕಲ್ಲು, ಬಾವಿಗೊಂದು ಬಳೆಚೂರು, ದೇವರಿಗೆ ಅರಿಸಿನ ಬಳಿದ ಕಲ್ಲು, ಎಲ್ಲರೂ ತಂತಮ್ಮದನ್ನು ತಾವೇ ಇಡಲಿ, ನಾನು ನೋಡಿ ಕಾಗದಕ್ಕೆ ಇಳಿಸುತ್ತೇನೆ ಅಂದೆ. ನನ್ನ ಚಿತ್ರ ನೀಟಾಗಿರುತ್ತಿತ್ತು. ಅಧಿಕಾರಿ ನನ್ನ ಕಡೆ ತಿರುಗಿ ಕೈಮುಗಿದರು. ನನಗೆ ನೆಲ ಕಾಣಿಸದಷ್ಟು ಹಿಗ್ಗು.

ಕಣದ ಕಟ್ಟುಪಾಡನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ರಾಗಿ ಒಕ್ಕುವ ಕಣ ಸಾರಿಸಿ ನಡುವೆ ಮೇಟಿಕಂಬ ನೆಟ್ಟರೆಂದರೆ, ರಾಶಿ ಮನೆ ಸೇರುವ ತನಕ ಅದು ಗುಡಿಯ ಲೆಕ್ಕ. ಸುತ್ತಲೂ ಬೂದಿಯ ಗೆರೆ ಎಳೆದಿರುತ್ತಾರೆ. ಚಪ್ಪಲಿ ಮೆಟ್ಟಿ ಒಳಗೆ ಬರುವ ಹಾಗಿಲ್ಲ, ಕೊಡೆ ಹಿಡಿದು ಬರುವ ಹಾಗಿಲ್ಲ. ಪೋಡಿನವರು ಬೂದಿಗೆರೆ ದಾಟುವ ಹಾಗಿಲ್ಲ. ಯಾರು ಮಾಡಿದ ಕಟ್ಟುಪಾಡೋ, ನಾವು ಕೇಳಲಿಲ್ಲ, ಅವರೂ ಕೇಳಲಿಲ್ಲ. ವರ್ಷವರ್ಷವೂ ಅಜ್ಜಿ ಗೆರೆಯ ಆಚೆ ನಿಂತು ಒಂದು ಹೊರೆ ಪೊರಕೆ, ಒಂದು ಸೋರೆಬುರುಡೆ ಜೇನು ನೀಡುತ್ತಿದ್ದಳು. ನಾವು ಅದನ್ನು ಇಸಿದುಕೊಂಡು ರಾಶಿಯ ಪಕ್ಕ ಇಡುತ್ತಿದ್ದೆವು. ಅಪ್ಪ ಮೊರದಲ್ಲಿ ರಾಗಿ ತುಂಬಿ ಗೆರೆಯ ಮೇಲಿಂದ ಅವಳ ಬಟ್ಟೆಗೆ ಸುರಿಯುತ್ತಿದ್ದರು. ಗೆರೆಯ ಅಂಚಿನಲ್ಲಿ ಕೊಟ್ಟ ವಸ್ತು ಒಳಗೆ ಸೇರಬೇಕಾದ ಕಡೆ ಸೇರುತ್ತದೆ ಎಂಬ ನಂಬಿಕೆಯ ಮೇಲೆ ಅದು ನಡೆಯುತ್ತಿತ್ತು. ಅಲ್ಲಿಯ ತನಕ ಅದು ತಪ್ಪಿರಲಿಲ್ಲ.

ಹಾಗಾದರೆ ಕಣದಲ್ಲಿ ಊರು ಇಟ್ಟರೆ ಪೋಡಿನವರು ತಮ್ಮ ಮನೆಯನ್ನು ಹೇಗೆ ಇಡುತ್ತಾರೆ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆಯಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೊಳೆದಿತ್ತು. ಶಾಲೆಯ ಅಂಗಳದಲ್ಲಿ ಮಾಡಬಹುದಿತ್ತು, ಅಲ್ಲಿ ಯಾವ ಗೆರೆಯೂ ಇರಲಿಲ್ಲ. ಆದರೆ ಅಂಗಳದ ತುಂಬ ಕಲ್ಲುಮುಳ್ಳು. ಸಾರಿಸಿದ ಕಣದ ಮೇಲೆ ನನ್ನ ಉಪಾಯ ಚೆಂದ ಕಾಣುತ್ತಿತ್ತು. ಇಷ್ಟೇ ಕಾರಣ.

ಮಾರನೆಯ ದಿನ ಬೆಳಿಗ್ಗೆ ಊರಿಗೆ ಊರೇ ಸೇರಿತು. ಅಧಿಕಾರಿ ಬೂಟು ಬಿಚ್ಚಿ, ಕಾಲುಚೀಲವನ್ನೂ ಬಿಚ್ಚಿ ಬೂಟಿನೊಳಗೆ ತುರುಕಿ, ಬರಿಗಾಲಲ್ಲಿ ಒಳಗೆ ಬಂದರು. ಹೆಂಗಸರು ಅವರ ಬೆಳ್ಳನೆಯ ಪಾದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಜನ ತಂತಮ್ಮ ಕಲ್ಲು ಇಡತೊಡಗಿದರು. ಎತ್ತು ಕಟ್ಟುವ ಉದ್ದನೆಯ ಹಗ್ಗವೊಂದನ್ನು ಅಧಿಕಾರಿ ಕಣದ ಈ ತುದಿಯಿಂದ ಆ ತುದಿಗೆ ಎಳೆದರು. ಅದು ರೈಲು. ಹಗ್ಗ ತಮ್ಮ ಹೊಲದ ಮೇಲೆ ಬಂದದ್ದು ಕಂಡವರು ತಲೆ ಕೆರೆದುಕೊಂಡರು. ದೇವರನ್ನು ಮುಟ್ಟುವುದಿಲ್ಲ ಎಂದು ಅಧಿಕಾರಿ ಒಂದು ಮಾತು ಅಂದದ್ದೇ ತಡ, ಅರಿಸಿನದ ಬಟ್ಟಲು ಖಾಲಿಯಾಯಿತು. ಅದುವರೆಗೆ ನಮ್ಮೂರಿಗೆ ಇದ್ದದ್ದು ನಾಲ್ಕು ದೇವರು. ಒಂದು ಗಳಿಗೆಯಲ್ಲಿ ಹೊಲಕ್ಕೊಬ್ಬ ಬಸವಣ್ಣ, ಬದುವಿಗೊಬ್ಬಳು ಮಾರಮ್ಮ ಹುಟ್ಟಿದರು.

"ಏನ್ಲಾ, ನಿನ್ನ ಕಳ್ಳೆಕಾಯಿ ಒಲ್ದಲ್ಲಿ ಎಂದಾದ್ರೂ ಮಾರಮ್ಮ ಇದ್ಲಾ?" ಎಂದು ದೊಡ್ಡಪ್ಪ ಒಬ್ಬನನ್ನು ಕೇಳಿದರು.

"ನೆನ್ನೆ ಕನಸ್ಗೆ ಬಂದಿದ್ಲು ಕಣಣ್ಣ" ಅಂದ ಅವನು.

ಎಲ್ಲರೂ ನಕ್ಕೆವು. ಹಗ್ಗ ಮಾತ್ರ ಪ್ರತಿ ದೇವರಿಗೂ ಒಂದೊಂದು ಗೇಣು ಕಾಡಿನ ಕಡೆಗೆ ಸರಿಯುತ್ತಾ ಬಂತು.

ಪೋಡಿನವರೂ ಬಂದಿದ್ದರು. ಹತ್ತು ಹನ್ನೆರಡು ಜನ, ಬೂದಿಗೆರೆಯ ಆಚೆ, ಹುಲ್ಲುಮೆದೆಯ ನೆರಳಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದರು. ಕಣದೊಳಗೆ ಗಂಡಸರು ಗೋಡೆಯ ಹಾಗೆ ಸುತ್ತುಗಟ್ಟಿ ನಿಂತಿದ್ದರಿಂದ ನೆಲದ ಮೇಲೆ ಏನು ನಡೆಯುತ್ತಿದೆ ಎಂಬುದು ಅವರಿಗೆ ಕಾಣುವಂತಿರಲಿಲ್ಲ. ಅಜ್ಜಿ ಎದ್ದು ಗೆರೆಯ ಹತ್ತಿರ ಬಂದು ನನ್ನನ್ನು ಕರೆದಳು.

"ಟೀಚ್ರವ್ವಾ, ಇಸ್ಕೊ. ಅನ್ನೊಂದು ಮನೆಗೆ ಅನ್ನೊಂದು ಕಲ್ಲು, ಅಳ್ಳದಿಂದ ಆರಿಸ್ಕಂಡು ಬಂದಿವ್ನಿ. ಇದೊಂದು ಬಿಳೀದು ಬ್ಯಾರೆ. ಇದು ನಮ್ಮವ್ರು ಮಲಗಿರೋ ತಾವಿಂದು. ನನ್ನ ಗಂಡನ ತಲೆತಾವ ನೆಟ್ಟಿದ್ದ ಕಲ್ಲು, ಅವ್ನನ್ನೇ ಕೇಳ್ಕಂಡು ಕಿತ್ಕಂಡು ಬಂದೆ. ರೈಲಿನವ್ರಿಗೆ ತೋರ್ಸಿ ಆಮ್ಯಾಲೆ ಕೊಡು, ವಾಪಸ್ ಮಡಗ್ಬೇಕು."

ನಾನು ಎರಡೂ ಕೈ ಚಾಚಿ ಇಸಿದುಕೊಂಡೆ. ಹನ್ನೊಂದು ನುಣುಪಾದ ಕಲ್ಲು, ಕೋಳಿಮೊಟ್ಟೆಗಿಂತ ಚಿಕ್ಕವು. ಬಿಳಿಯದು ತುಸು ದೊಡ್ಡದು, ಒಂದು ಬದಿಗೆ ಇನ್ನೂ ಮಣ್ಣು ಹತ್ತಿತ್ತು. "ಈಗ್ಲೇ ಮಡಗ್ತೀನಿ ಅಜ್ಜಿ" ಅಂದೆ. ಹೇಳುವಾಗ ಅದು ಸುಳ್ಳಲ್ಲ.

ತಿರುಗಿ ಬರುವಷ್ಟರಲ್ಲಿ ಹಗ್ಗ ನಮ್ಮ ಬಾವಿಹೊಲಕ್ಕೆ ಬಂದಿತ್ತು.

ಬಾವಿಹೊಲದ ಮೂಲೆಯಲ್ಲಿ ನನ್ನ ಅವ್ವನ ಗದ್ದುಗೆ ಇದೆ. ನಾವು ಸತ್ತವರನ್ನು ಸುಡುವವರಲ್ಲ, ಸ್ವಂತ ಹೊಲದಲ್ಲಿ ಕೂರಿಸಿ ಮಣ್ಣು ಕೊಡುವವರು. ನಾನು ಹತ್ತನೆಯ ಕ್ಲಾಸಿನಲ್ಲಿದ್ದಾಗ ಅವ್ವ ಹೋದಳು. ಸೋಮವಾರ ಸೋಮವಾರ ಅಲ್ಲಿ ದೀಪ ಹಚ್ಚುವುದು ನನ್ನ ಕೆಲಸ. ಆ ದಿನ ಬೆಳಿಗ್ಗೆ ಕಣದ ಮೇಲೆ ಆ ಜಾಗದಲ್ಲಿ ಒಂದು ವಿಭೂತಿ ಗಟ್ಟಿಯನ್ನು ನಾನೇ ಇಟ್ಟಿದ್ದೆ. ಈಗ ಹಗ್ಗ ಸರಿಯಾಗಿ ಆ ವಿಭೂತಿಯ ಮೇಲೆ ಬಿದ್ದಿತ್ತು.

ಅಧಿಕಾರಿ ಕುಕ್ಕರಿಸಿ ನೋಡುತ್ತಿದ್ದರು. ಈಚೆಗೆ ಎಳೆದರೆ ಊರ ಗುಡಿಯೂ ಕೇರಿಯೂ ಸಿಗುತ್ತದೆ. ಆಚೆಗೆ ಎಳೆದರೆ ಇಳಿಜಾರು. ಕಣದ ಮೇಲೆ ಆ ಇಳಿಜಾರು ಅಂಗೈ ಹಾಗೆ ಬರಿದಾಗಿತ್ತು. ಅವರು ತಲೆಯೆತ್ತಿ ಎಲ್ಲರನ್ನೂ ಕೇಳಿದರು: ಈ ಕಡೆ ಏನಾದರೂ ಇದೆಯಾ?

ಅಲ್ಲಿ ಪೋಡು ಇದೆಯೆಂದು ಎಲ್ಲರಿಗೂ ಗೊತ್ತಿತ್ತು. "ಅದು ಪೊರಂಬೋಕು ಸಾರ್, ಯಾರ ಪಟ್ಟಾನೂ ಅಲ್ಲ" ಎಂದು ಒಂದು ದನಿ ಹಿಂದಿನಿಂದ ಬಂತು. ಅದು ಸುಳ್ಳೂ ಅಲ್ಲ. ಕಾಗದದ ಲೆಕ್ಕದಲ್ಲಿ ಅದು ಯಾರದ್ದೂ ಅಲ್ಲ. ಅಪ್ಪ ಮೇಟಿಯ ಪಕ್ಕ ನಿಂತಿದ್ದರು. ಅವರು ನನ್ನ ಕಡೆ ನೋಡಲಿಲ್ಲ, ಕಣ್ಸನ್ನೆ ಮಾಡಲಿಲ್ಲ. ನನ್ನ ಕೈಯಲ್ಲಿ ಏನಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅಪ್ಪನ ಮಾತಿಗೆ ಕಟ್ಟುಬಿದ್ದೆ ಎಂದು ಹೇಳಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು!

ಕಲ್ಲುಗಳನ್ನು ನಾನು ಸೆರಗಿಗೆ ಸುರಿದುಕೊಂಡು ಗಂಟು ಹಾಕಿದೆ. ಸೊಂಟಕ್ಕೆ ಸಿಕ್ಕಿಸಿದೆ. ಅಧಿಕಾರಿ ಹಗ್ಗ ಎಳೆದರು. ಅದು ಅವ್ವನ ಮೇಲಿಂದ ಎದ್ದು ಬರಿದಾದ ಜಾಗದಲ್ಲಿ ಹೋಗಿ ಮಲಗಿತು. ನನಗೆ ಉಸಿರು ಬಂದ ಹಾಗಾಯಿತು. ನಾಚಿಕೆಯೇನೂ ಆಗಲಿಲ್ಲ. ನಾಚಿಕೆ ಬಂದದ್ದು ಗೆರೆಯ ಆಚೆಯಿಂದ ಅಜ್ಜಿ "ಮಡಗ್ದಾ ಕೂಸು?" ಎಂದು ಕೂಗಿ ಕೇಳಿದಾಗ. ನಾನು ತಲೆಯಾಡಿಸಿದೆ. ಹೇಗೆ ಆಡಿಸಿದೆ ಎಂದರೆ, ಹೌದು ಎಂದೇ.

ಸಂಜೆ ಅಧಿಕಾರಿಗೆ ಗುಟ್ಟಾಗಿ ಹೇಳಿಬಿಡೋಣ ಅಂದುಕೊಂಡೆ. ಅವರು ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಇಂಥ ಊರನ್ನು ತಾನು ನೋಡಿಲ್ಲ ಎಂದು ಹೊಗಳಿದರು. ನಾನು ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ. ಚಿತ್ರವನ್ನು ಕಾಗದಕ್ಕೆ ಇಳಿಸಲು ಎರಡು ದಿನ ಕೊಟ್ಟು ಹೋದರು. ಆ ಎರಡು ದಿನವೂ ಕೈಯಲ್ಲಿ ಪೆನ್ಸಿಲ್ ಇತ್ತು. ಹನ್ನೊಂದು ಚುಕ್ಕೆ ಇಡಲು ಎಷ್ಟು ಹೊತ್ತು ಬೇಕು? ನಾನು ಇಳಿಜಾರಿಗೆ ಹಸಿರು ಬಣ್ಣ ತುಂಬಿದೆ. ಎಲ್ಲೂ ಗೆರೆಯಿಂದ ಹೊರಗೆ ಹೋಗದಂತೆ, ಮಕ್ಕಳಿಗೆ ಹೇಳಿಕೊಡುವಷ್ಟು ಅಚ್ಚುಕಟ್ಟಾಗಿ ತುಂಬಿದೆ. ಕಣದಲ್ಲಿ ಗಾಬರಿಯಿಂದ ಮಾಡಿದೆ ಎನ್ನಬಹುದು. ಈ ಬಣ್ಣ ತುಂಬಿದ್ದಕ್ಕೆ ಏನನ್ನುವುದು? ಕಲ್ಲುಗಳನ್ನು ನನ್ನ ಟ್ರಂಕಿನ ತಳಕ್ಕೆ, ಅವ್ವನ ಸೀರೆಗಳ ಕೆಳಗೆ ಹಾಕಿದೆ.

ಮುಂದಿನ ಮಳೆಗಾಲ ಕಳೆದ ಮೇಲೆ ಕೂಲಿಯಾಳುಗಳು ಬಂದು ಪೊದೆ ಕಡಿದು ಅಲ್ಲಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟರು. ಒಂದು ಕಲ್ಲು ಪೋಡಿನ ನಟ್ಟನಡುವೆ ಬಂತು. ಬಿಟ್ಟು ಹೋಗಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸುಣ್ಣದ ಕಲ್ಲು ನೆಟ್ಟರೆ ಏನರ್ಥ ಎಂಬುದನ್ನು ಕಾಡಿನ ಜನ ಅವರ ತಾತಂದಿರ ಕಾಲದಿಂದ ಕಲಿತಿದ್ದರು. ಶಾಲೆಗೆ ನಾಲ್ಕು ಹೆಣ್ಣುಮಕ್ಕಳೂ ಒಂದು ದಿನ ಬರಲಿಲ್ಲ, ಎರಡು ದಿನ ಬರಲಿಲ್ಲ. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಹೋಗಿ ನೋಡಿದೆ. ಗುಡಿಸಲುಗಳ ಬಿದಿರನ್ನೂ ಬಿಚ್ಚಿಕೊಂಡು ಹೋಗಿದ್ದರು. ಒಲೆಯ ಗುಂಡುಗಳು ಮಾತ್ರ ಮೂರು ಮೂರರಂತೆ ಉಳಿದಿದ್ದವು. ನಾನು ಹುಚ್ಚಿಯ ಹಾಗೆ ಅವುಗಳನ್ನು ಎಣಿಸಿದೆ. ಹನ್ನೊಂದು ಒಲೆ.

ಬೆಟ್ಟದ ಆಚೆ ಮಗ್ಗುಲಿಗೆ, ನೀರಿಲ್ಲದ ಕಡೆಗೆ ಹೋದರಂತೆ. ಆನೆ ಓಡಾಡುವ ಜಾಗ. ಅಲ್ಲಿಂದ ಯಾವ ಶಾಲೆಯೂ ನಡೆದು ಹೋಗುವಷ್ಟು ಹತ್ತಿರವಿಲ್ಲ. ಹಾಜರಿ ಪುಸ್ತಕದಲ್ಲಿ ಆ ನಾಲ್ಕು ಹೆಸರಿನ ಮೇಲೆ ಗೆರೆ ಎಳೆದವಳೂ ನಾನೇ. ಆ ವರ್ಷ ಕಣದ ಗೆರೆಯ ಹತ್ತಿರ ಯಾರೂ ಬಂದು ನಿಲ್ಲಲಿಲ್ಲ. ಅಪ್ಪ ಮೊರದಲ್ಲಿ ರಾಗಿ ತುಂಬಿಟ್ಟುಕೊಂಡು ಹೊತ್ತು ಇಳಿಯುವ ತನಕ ಕಾದರು. "ಯಾಕೋ ಬರ್ನಿಲ್ವಲ್ಲ ಕೂಸು ಅವ್ರು" ಅಂದರು. ನಾನು ಒಳಗೆ ಹೋದೆ.

ರೈಲಿನ ಮಾತು ಮೆಲ್ಲಗೆ ಹಳೆಯದಾಯಿತು. ಅಧಿಕಾರಿಗೆ ವರ್ಗವಾಯಿತೆಂದು ಕೇಳಿದೆವು. ಸುಣ್ಣದ ಕಲ್ಲುಗಳ ಮೇಲೆ ಹಂಬು ಹಬ್ಬಿತು. ಊರವರು ಮತ್ತೆ "ರೈಲು ಬಂದಾಗ ಆಯ್ತದೆ ಬುಡು" ಎಂದು ನಗಲು ಶುರುಮಾಡಿದರು. ನಮ್ಮ ಜಿಲ್ಲಾಕಚೇರಿ ಕೋಯಮತ್ತೂರಿನಿಂದ ಈರೋಡಿಗೆ ಹೋಯಿತು, ನನಗೆ ಮದುವೆಯಾಗಿ ದೊಡ್ಡಗಾಜನೂರಿಗೆ ಬಂದೆ, ಟ್ರಂಕೂ ನನ್ನ ಜೊತೆ ಬಂತು.

ಅಜ್ಜಿ ಮತ್ತೆ ಸಿಕ್ಕಿದ್ದು ಎಂಬತ್ತರ ದಶಕ ನಡುವಿಗೆ ಬಂದಾಗ, ತಾಳವಾಡಿ ಸಂತೆಯಲ್ಲಿ. ಗೋಣಿ ಹಾಸಿ ನೆಲ್ಲಿಕಾಯಿ ಗುಡ್ಡೆ ಹಾಕಿ ಕೂತಿದ್ದಳು. ನಾನು ನೋಡಿ ಪಕ್ಕದ ಸಾಲಿಗೆ ತಿರುಗಿದೆ. ನಿಜ ಹೇಳಬೇಕಲ್ಲ, ತಿರುಗಿದೆ. ಅವಳೇ ಕೂಗಿದಳು.

"ಟೀಚ್ರವ್ವಾ! ನೋಡ್ದೆ ಇರೋಳಂಗೆ ಓಯ್ತಾ ಇದ್ದೀಯಲ್ಲಾ."

ಬಂದು ಕೂತೆ. ಮೊಮ್ಮಕ್ಕಳು ಹೇಗಿದ್ದಾರೆ ಅಂದೆ. ದೊಡ್ಡವಳಿಗೆ ಮದುವೆಯಾಗಿದೆ, ಚಿಕ್ಕವಳು ಜ್ವರ ಬಂದು ಹೋದಳು, ಅಷ್ಟು ದೂರದಿಂದ ಹೊತ್ತು ತರುವಷ್ಟರಲ್ಲಿ ಆಗಿಹೋಯಿತು ಅಂದಳು. ಸಂತೆಯಲ್ಲಿ ನೆಲ್ಲಿಕಾಯಿಯ ಬೆಲೆ ಹೇಳುವ ದನಿಯಲ್ಲೇ ಅಂದಳು. ಆ ಚಿಕ್ಕವಳಿಗೆ ಮಗ್ಗಿ ಹೇಳಿಕೊಟ್ಟವಳು ನಾನು. ಹಳೆಯ ಪೋಡಿನಿಂದ ನಮ್ಮ ಶಾಲೆ, ನಮ್ಮ ಬಸ್ಸಿನ ದಾರಿ ಕೂಗಳತೆ.

"ನಿನ್ನ ಮ್ಯಾಲೆ ನಮ್ಗೆ ಯಾವ ಬೇಜಾರೂ ಇಲ್ಲ ಕಣವ್ವ" ಎಂದು ಅವಳೇ ಮುಂದುವರಿಸಿದಳು. "ನೀನು ಮಡಗ್ದೆ. ರೈಲಿನವ್ರು ಲೆಕ್ಕಕ್ಕೆ ತಕಳ್ನಿಲ್ಲ. ದೊಡ್ಡೋರಿಗೆ ನಮ್ಮ ಕಲ್ಲು ಕಂಡದಾ? ಒಂದು ಉಪಕಾರ ಮಾಡು. ಆ ಬಿಳೀ ಕಲ್ಲು ಅವ್ರತ್ರನೇ ಉಳ್ಕತ್ತು. ಒಂದು ಅರ್ಜಿ ಬರ್ದು ತರ್ಸಿಕೊಡಕಾಯ್ತದಾ? ನಾನೂ ಓಗೋ ಒತ್ತಾಯ್ತು. ಅಲ್ಲಿ ಓಗಿ ಅವ್ನಿಗೆ, ನಿನ್ನ ಕಲ್ಲು ಎಲ್ಲೋ ಕಳ್ದೆ ಅಂತ ಎಂಗೆ ಯೋಳ್ಳಿ?"

ಬರೆಯುತ್ತೇನೆ ಅಂದೆ. ಆ ಹೊತ್ತಿಗೂ ನನ್ನ ನಾಲಗೆ ಇಷ್ಟೇ ಹೊರಳಿದ್ದು.

ಮನೆಗೆ ಬಂದು ಟ್ರಂಕು ತೆಗೆದೆ. ಬಿಳಿಯ ಕಲ್ಲನ್ನು ಕರ್ಚೀಫಿನಲ್ಲಿ ಸುತ್ತಿದೆ. ಮುಂದಿನ ಸಂತೆಗೆ ಎಲ್ಲವನ್ನೂ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ. ಬೈದರೆ ಬೈಯಲಿ, ಮುಖಕ್ಕೆ ಉಗಿದರೆ ಉಗಿಯಲಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವಳ ಮುಂದೆ ಕೂತು ಗಂಟು ಬಿಚ್ಚಿದಾಗ ನನ್ನ ಬಾಯಿಂದ ಬಂದದ್ದು, "ರೈಲಿನವರು ಕಳಿಸಿದರು ಅಜ್ಜಿ."

ಅವಳು ಕಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹಾಗೇ ಮೂಗಿನ ಹತ್ತಿರ ಹಿಡಿದು ಮೂಸಿದಳು. ಕಾಡಿನವರ ಮೂಗು. ಇನ್ನೊಮ್ಮೆ ಮೂಸಿದಳು. ನನ್ನ ಟ್ರಂಕಿನಲ್ಲಿ ಅವ್ವನ ಸೀರೆಗಳಿಗೆಂದು ನುಸಿಗುಳಿಗೆ ಹಾಕಿದ್ದೆ. ಆ ದಿನ ನಾನು ಉಟ್ಟಿದ್ದದ್ದೂ ಅದೇ ಟ್ರಂಕಿನಿಂದ ತೆಗೆದ ಅವ್ವನ ಸೀರೆ. ಅಜ್ಜಿ ಕಲ್ಲಿನಿಂದ ತಲೆಯೆತ್ತಿ ನನ್ನ ಸೆರಗಿನ ಕಡೆ ನೋಡಿದಳು. ಒಬ್ಬಳು ಬಂದು ನೆಲ್ಲಿಕಾಯಿ ಹೇಗೆ ಎಂದು ಕೇಳಿದಳು. ಅಜ್ಜಿ ನನ್ನ ಸೆರಗಿನಿಂದ ಕಣ್ಣು ತೆಗೆಯಲಿಲ್ಲ, ಕೇಳಿದವಳು ಮುಂದೆ ಹೋದಳು.

"ಮಿಕ್ಕಿದ್ದು ಅನ್ನೊಂದೂ ನಿನ್ನ ಸೀರೆ ಪೆಟ್ಟಿಗೇಲೇ ಅವಾ ಕೂಸು?"

ನಾನು ತಲೆಯಾಡಿಸಿದೆ. ಕಣದಲ್ಲಿ ಆಡಿಸಿದ ಹಾಗೆಯೇ. ಈ ಸಲ ಅದು ನಿಜ.

ಅವಳು ಬೈಯಲಿಲ್ಲ. ಬಿಳಿಯ ಕಲ್ಲನ್ನು ಮಡಿಲಿಗೆ ಹಾಕಿಕೊಂಡಳು. ನನ್ನ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಗೋಣಿಯ ಅಂಚಿನಲ್ಲಿ, ನನಗೆ ಎಟುಕುವ ಹಾಗೆ ಇಟ್ಟಳು, ಕೈಗೆ ಕೊಡಲಿಲ್ಲ.

"ಅವು ನಿನ್ನತ್ರನೇ ಇರ್ಲಿ" ಅಂದಳು. "ಅವ್ಕೆ ಮನೆ ಎಲ್ಲಿವೆ ಈಗ?"

ಟ್ರಂಕು ಈಗಲೂ ನನ್ನ ಮಂಚದ ಕೆಳಗಿದೆ. ಅವ್ವನ ಸೀರೆಗಳನ್ನು ಹೆಣ್ಣುಮಕ್ಕಳಿಗೆ ಹಂಚಿಬಿಟ್ಟೆ. ಅದರಲ್ಲಿ ಉಳಿದಿರುವುದು ಹನ್ನೊಂದು ಕಲ್ಲು ಮಾತ್ರ, ಗುಡಿಸುವಾಗ ಸರಿಸಿದರೆ ಒಂದಕ್ಕೊಂದು ತಾಗಿ ಸದ್ದಾಗುತ್ತದೆ.